ಕಲ್ಲೆಸೆತದ ದೂರ, ಕೂಗಿನ ದೂರ

ಆತ್ಮಕಥೆ ಬರೆಯುವ ವಯಸ್ಸು ನಿನಗಿನ್ನೂ ಆಗಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ಈಗಲೇ ಒಪ್ಪಿಕೊಳ್ಳುತ್ತೇನೆ. ಎದುರಾಳಿಯ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲೇ ಒಪ್ಪಿಬಿಟ್ಟರೆ ಆಮೇಲೆ ಅವನ ಕೈಯಲ್ಲಿ ಉಳಿಯುವುದು ಬರೀ ಗದ್ದಲ ಎಂದು ನನಗೆ ಕಲಿಸಿದವರು ನಮ್ಮಪ್ಪ. ಕಲಿಸಿದ ಜಾಗ ಮಧುಗಿರಿಯ ನಮ್ಮ ಮನೆಯ ಅಡುಗೆಮನೆ. ಅಪ್ಪ ಊರಿನ ಕೋರ್ಟಿನಲ್ಲಿ ಪ್ಲೀಡರು. ಸಂಜೆ ಬಂದು ಕರಿ ಕೋಟನ್ನು ಪಡಸಾಲೆಯ ಗೂಟಕ್ಕೆ ತಗುಲಿಸಿ, ಕೈಕಾಲು ತೊಳೆದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ತಣಿಗೆಯ ಮುಂದೆ ಕೂತರೆಂದರೆ ಅಲ್ಲಿ ಎರಡನೆಯ ಕೋರ್ಟು ಶುರುವಾಗುತ್ತಿತ್ತು. ಮುದ್ದೆ ಮುರಿಯುವ ಮೊದಲು ಒಂದು ವಿಷಯ ಕೊಡುತ್ತಿದ್ದರು. ಹುರುಳಿ ಸಾರು ಮೇಲೋ ಅವರೆಕಾಳಿನ ಸಾರು ಮೇಲೋ; ಬೆಕ್ಕಿಗೆ ನಿಯತ್ತು ಇದೆಯೋ ಇಲ್ಲವೋ; ಸುಳ್ಳು ಹೇಳದೆ ವ್ಯಾಪಾರ ಮಾಡಬಹುದೋ ಆಗದೋ. ಕಾನೂನು ಒಂದೇ. ನಿನಗೆ ಯಾವುದು ಬೇಕೋ ಅದರ ವಿರುದ್ಧ ವಾದಿಸಬೇಕು. ಬೇಕಾದ್ದರ ಪರವಾಗಿ ನಾಯಿಯೂ ಬೊಗಳುತ್ತದೆ, ಬೇಡದ್ದರ ಪರವಾಗಿ ಮಾತಾಡುವುದಕ್ಕೆ ತಲೆ ಬೇಕು ಎನ್ನುತ್ತಿದ್ದರು. ಹೀಗಾಗಿ ಕಡಲೆಬೀಜದ ಚಟ್ನಿಗೆ ಪ್ರಾಣ ಬಿಡುತ್ತಿದ್ದ ನಾನು ಅದರ ವಿರುದ್ಧ ಎಷ್ಟು ಸಲ ಮಾತಾಡಿ ಗೆದ್ದಿದ್ದೇನೋ. ಗೆದ್ದ ದಿನ ಚಟ್ನಿ ಅಣ್ಣನ ತಣಿಗೆಗೆ ಹೋಗುತ್ತಿತ್ತು. ನನಗೆ ಅದರ ಬೇಸರವೇ ಇರುತ್ತಿರಲಿಲ್ಲ. ಗೆದ್ದ ಬಿಸಿ ಕಿವಿಯ ತನಕ ಏರಿರುತ್ತಿತ್ತು, ನಾಲಿಗೆಗೆ ಬೇರೆ ರುಚಿ ಬೇಕಿರಲಿಲ್ಲ.

ಈ ಕೋರ್ಟಿನ ನ್ಯಾಯಾಧೀಶರು ಅಪ್ಪನ ತಾಯಿ, ನಮ್ಮಜ್ಜಿ. ಮಿಡಿಗೇಶಿಯ ಹೆಣ್ಣು. ಕಂಬಕ್ಕೆ ಒರಗಿ, ಕಾಲು ಚಾಚಿ, ಎಲೆಅಡಿಕೆ ಕುಟ್ಟುತ್ತ ಎರಡೂ ಕಡೆಯ ಮಾತು ಕೇಳಿ, ಕುಟ್ಟುವುದನ್ನು ನಿಲ್ಲಿಸಿದರೆ ತೀರ್ಪು ಬಂತೆಂದು ಅರ್ಥ. ಹೊರಗಡೆ ಎಂಥೆಂಥ ಜಮೀನ್ದಾರರಿಗೆ ಅಡ್ಡಪ್ರಶ್ನೆ ಹಾಕಿ ಬೆವರಿಳಿಸುತ್ತಿದ್ದ ಅಪ್ಪ ಅಜ್ಜಿಯ ತೀರ್ಪಿನ ಮೇಲೆ ಒಂದು ಮಾತು ಆಡಿದ್ದನ್ನು ನಾನು ನೋಡಿಲ್ಲ. ಇನ್ನು ಅಮ್ಮ. ಅಮ್ಮ ಒಲೆಯ ಮುಂದೆ ನಮಗೆ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ವಾದದಲ್ಲಿ ಅವರಿಗೆ ಪಾಲಿರಲಿಲ್ಲ. ಪಾವಗಡದ ಆಚೆ, ಗಡಿಯ ಹತ್ತಿರದ ಹಳ್ಳಿಯಿಂದ ಬಂದವರು. ತವರಿನ ಮಾತು ಅರ್ಧಕ್ಕಿಂತ ಹೆಚ್ಚು ತೆಲುಗು. ಸೊಸೆಯ ದನಿ ಹೊಸಿಲು ದಾಟಬಾರದು ಎಂಬುದು ಈ ಮನೆಯ ಕಟ್ಟಳೆ. ಅಮ್ಮನ ದನಿ ಒಲೆಯನ್ನೇ ದಾಟುತ್ತಿರಲಿಲ್ಲ. ರಾಗಿ ಬೀಸುವಾಗ ಮಾತ್ರ ಕಲ್ಲಿನ ಸದ್ದಿನ ಅಡಿಯಲ್ಲಿ ಏನೋ ತೆಲುಗಿನ ಗುನುಗು ಕೇಳುತ್ತಿತ್ತು. ಅಜ್ಜಿಯ ಕೈಬಳೆ ನಡುಮನೆಯಲ್ಲಿ ಕಿಣಿ ಅಂದರೆ ಅದೂ ನಿಲ್ಲುತ್ತಿತ್ತು. ಅಜ್ಜಿ ಅವರನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲ, "ಏ ಪಾವಗಡದೋಳೆ" ಎನ್ನುತ್ತಿದ್ದರು. ಸಿಟ್ಟಿನಿಂದೇನೂ ಅಲ್ಲ, ಕುಂಬಳಕಾಯಿಯನ್ನು ಕುಂಬಳಕಾಯಿ ಅಂದ ಹಾಗೆ.

ಅಜ್ಜಿಯ ದನಿಯ ಕತೆಯೇ ಬೇರೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹೊತ್ತು ಇಳಿದ ಮೇಲೆ ಅಜ್ಜಿ ಏಣಿ ಹತ್ತಿ ಮಾಳಿಗೆಯ ಅಂಚಿಗೆ ನಿಂತು, ಅಂಗೈಯನ್ನು ಬಾಯಿಗೆ ಅಡ್ಡವಿಟ್ಟು ಒಂದು ಕೂಗು ಹಾಕಿದರೆ ಮೂರು ಬೀದಿಯ ಮಕ್ಕಳು ಆಟ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಆ ಕೂಗಿನಿಂದಲೇ ನನ್ನ ಲೋಕದ ಎಲ್ಲೆ ಗುರುತಾಗಿತ್ತು. ಈ ಮನೆಯ ಹೆಣ್ಣುಮಗು ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ಮನೆಯಿಂದ ಕೂಗಿದರೆ ಓ ಅನ್ನುವಷ್ಟು ದೂರ. ಅದರಾಚೆ ಒಂದು ಹೆಜ್ಜೆ ಇಲ್ಲ. ಬಾವಿ ಕೂಗಿನ ಒಳಗಿತ್ತು, ಮಠ ಒಳಗಿತ್ತು, ಹೆಣ್ಣುಮಕ್ಕಳ ಸಣ್ಣ ಶಾಲೆಯೂ ಒಳಗಿತ್ತು. ಆ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿದ ಮೇಲೆ ತೊಡಕು ಬಂತು. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲು ಇದ್ದದ್ದು ನಮ್ಮ ಹಿತ್ತಲಿನಾಚೆ, ಕೆರೆಯಂಗಳ ದಾಟಿ, ಬೆಟ್ಟದ ಬುಡದಲ್ಲಿ. ಮಾಳಿಗೆ ಹತ್ತಿದರೆ ಅದರ ಸುಣ್ಣದ ಗೋಡೆ ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು. ಅಲ್ಲಿ ಇಂಗ್ಲಿಷು ಕಲಿಸುತ್ತಿದ್ದರು, ಭೂಪಟ ಇತ್ತು, ಮಾತಿನ ಸ್ಪರ್ಧೆಗಳು ನಡೆಯುತ್ತಿದ್ದವಂತೆ. ಆ ಕೊನೆಯ ಸುದ್ದಿ ಕಿವಿಗೆ ಬಿದ್ದಂದಿನಿಂದ ನನಗೆ ಅನ್ನ ನೀರು ಎಲ್ಲ ಅದೇ ಆಗಿತ್ತು.

"ಕಾಣ್ತಾ ಐತಲ್ಲ ಅಜ್ಜಿ, ಇಲ್ಲೇ ಐತಲ್ಲ," ಎಂದೆ ಒಂದು ದಿನ.

"ಚನ್ನರಾಯನದುರ್ಗನೂ ಕಾಣ್ತದೆ. ಅದ್ಕೇ ಅದೇನು ನಮ್ಮ ಹಿತ್ಲು ಆಯ್ತದಾ?"

"ಅಣ್ಣ ತುಮಕೂರಲ್ಲಿ ಓದ್ತಾ ಅವ್ನೆ. ಅವನಿಗೆ ಯಾರು ಕೂಗ್ತಾರೆ?"

"ಅವನು ಗಂಡುಸು ಕಣಮ್ಮಿ. ಕೂಗ್ದಿದ್ರೂ ಉಣ್ಣಾಕೆ ಬತ್ತನೆ."

ಇದು ವಾದವೇ ಅಲ್ಲ ಎಂದು ನನಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಆದರೆ ತೀರ್ಪು ಕೊಡುವವರಿಗೆ ವಾದದ ಹಂಗಿಲ್ಲ. ಅಪ್ಪನಿಗೆ ನನ್ನನ್ನು ಓದಿಸುವ ಆಸೆ ಇತ್ತು. ತಾಯಿಯ ಎದುರು ನೇರವಾಗಿ ಹೇಳುವ ಧೈರ್ಯ ಇರಲಿಲ್ಲ. ಅದಕ್ಕೆ ಅವರು ತಮಗೆ ಗೊತ್ತಿದ್ದ ದಾರಿಯನ್ನೇ ಹಿಡಿದರು. ಒಂದು ಸಂಜೆ ಮುದ್ದೆ ಮುರಿಯುವ ಮೊದಲು, ಇವತ್ತಿನ ವಿಷಯ, ನಮ್ಮ ಮನೆಯಿಂದ ಸ್ಕೂಲಿಗೆ ಬರೀ ಕಲ್ಲೆಸೆತದ ದೂರ, ಎಂದರು. ಕಲ್ಲೆಸೆತ ಎಂದರೇನು ಎಂದು ಅಜ್ಜಿ ಕೇಳಿದ್ದಕ್ಕೆ, ಇಂಗ್ಲಿಷರು ತೀರ ಹತ್ತಿರದ್ದನ್ನು ಹಾಗೆ ಹೇಳುತ್ತಾರೆ ಅವ್ವ, ಇಲ್ಲಿ ನಿಂತು ಒಂದು ಕಲ್ಲು ಬೀಸಿದರೆ ಎಷ್ಟು ದೂರ ಹೋಗಿ ಬೀಳುತ್ತದೋ ಅಷ್ಟು, ದೊಡ್ಡ ದೊಡ್ಡ ಜಡ್ಜಿಗಳು ತೀರ್ಪಿನಲ್ಲಿ ಬರೆಯುವ ಮಾತು ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಪರ ನಾನು, ವಿರೋಧ ನೀನು ಎಂದು ಕಣ್ಣು ಮಿಟುಕಿಸಿದರು. ಅವರ ಹೂಟ ನನಗೆ ಈಗ ಗೊತ್ತಾಗುತ್ತದೆ. ವಿಷಯ ನನ್ನ ಓದಿನದು, ಹುಡುಗಿ ಬೇಕೆಂದೇ ಸೋಲುತ್ತಾಳೆ, ಅಜ್ಜಿ ತೀರ್ಪು ಕೊಡುತ್ತಾರೆ, ಕೆಲಸ ಆಗುತ್ತದೆ. ಆದರೆ ಆಟದ ಕಾನೂನನ್ನು ನನ್ನ ರಕ್ತಕ್ಕೆ ಇಳಿಸಿದ್ದವರೂ ಅವರೇ. ಬೇಕಾದ್ದರ ವಿರುದ್ಧ ನಿಂತಾಗ ನಾನು ಎಷ್ಟು ಚುರುಕಾಗುತ್ತೇನೆ ಎಂಬುದನ್ನು ಅವರು ಆ ಸಂಜೆ ಮರೆತಿದ್ದರು.

ಅಪ್ಪ ಚೆನ್ನಾಗಿಯೇ ಮಾತಾಡಿದರು. ನಾನು ಎದ್ದು ನಿಂತೆ. ಎಸೆಯುವವರು ಯಾರು ಅಂತ ಮೊದಲು ಹೇಳಿ ಎಂದೆ. ಅಪ್ಪ ಎಸೆದರೆ ಒಂದು ದೂರ, ಅಜ್ಜಿ ಎಸೆದರೆ ಒಂದು ದೂರ, ತೊಟ್ಟಿಲ ಮಗು ಎಸೆದರೆ ತೊಟ್ಟಿಲ ಕೆಳಗೇ ಬಿತ್ತು. ಹಾಗಾದರೆ ಸ್ಕೂಲು ಒಂದೇ ಹೊತ್ತಿಗೆ ಮೂರು ಜಾಗದಲ್ಲಿದೆಯೇ? ಇನ್ನು ಕಲ್ಲು ಯಾವುದು, ಬೆಣಚುಕಲ್ಲೋ ಬೀಸುಕಲ್ಲೋ? ಅಜ್ಜಿ ಕುಟ್ಟುತ್ತಲೇ ನಕ್ಕರು. ಆ ನಗುವಿಗೆ ನನ್ನ ಮೈ ಜುಮ್ಮೆಂದಿತು. ಸ್ಕೂಲು ದಿಬ್ಬದ ಮೇಲಿದೆ, ನಮ್ಮ ಮನೆ ತಗ್ಗಿನಲ್ಲಿದೆ, ಅಲ್ಲಿಂದ ಇಲ್ಲಿಗೆ ಎಸೆದ ಕಲ್ಲು ಬಂದೀತು, ಇಲ್ಲಿಂದ ಅಲ್ಲಿಗೆ ಎಸೆದದ್ದು ಹೋಗಲಾರದು. ಬರುವ ದಾರಿ ಹತ್ತಿರ, ಹೋಗುವ ದಾರಿ ದೂರ ಅನ್ನುವ ಊರು ಯಾವ ಸೀಮೆಯಲ್ಲಿದೆ ಎಂದೆ. ಆಮೇಲೆ ಕೊನೆಯ ಬಾಣ ತೆಗೆದೆ. ಹೋದ ವಾರ ಬಾವಿ ವ್ಯಾಜ್ಯದಲ್ಲಿ ನಿಮ್ಮ ಕಕ್ಷಿಗಾರನ ಮನೆಗೆ ಬಾವಿ ಕಲ್ಲೆಸೆತದ ದೂರ ಅಂದವರು ನೀವೇ. ಎದುರು ಪ್ಲೀಡರು ಅದೇ ಬಾವಿ ಬಲು ದೂರ ಅಂದರು ಅಂತ ಬಂದು ನಮಗೆ ಹೇಳಿದವರೂ ನೀವೇ. ಬಾವಿ ಕದಲಲಿಲ್ಲ, ಮನೆಯೂ ಕದಲಲಿಲ್ಲ. ಹತ್ತಿರ ಬೇಕಾದವರು ಈ ಮಾತು ಹೇಳುತ್ತಾರೆ, ಬೇಡವಾದವರು ಹೇಳುವುದಿಲ್ಲ. ಆದ್ದರಿಂದ ಇದು ಅಳತೆಯಲ್ಲ, ಹೇಳುವವರ ಆಸೆ.

ಅಪ್ಪನಿಗೆ ಮಗಳ ಮೇಲಿನ ಹೆಮ್ಮೆಗೂ ತನ್ನ ಸೋಲಿಗೂ ಮಧ್ಯೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಪ್ರಾತ್ಯಕ್ಷಿಕೆ ಎಂದು ಕೂಗಿ ಎಂಜಲ ಕೈಯಲ್ಲೇ ಎದ್ದರು. ನಾವೆಲ್ಲ ಹಿಂದೆಯೇ ಹಿತ್ತಲಿಗೆ ಓಡಿದೆವು. ಇನ್ನೂ ಬೆಳಕಿತ್ತು. ಅಪ್ಪ ಕೈ ತೊಳೆದು, ಪಂಚೆ ಎತ್ತಿ ಕಟ್ಟಿ, ಬೇಲಿಯ ಬುಡದಿಂದ ನಿಂಬೆಗಾತ್ರದ ಕಲ್ಲೊಂದನ್ನು ಆರಿಸಿ, ಹಿಂದಕ್ಕೆ ಹೋಗಿ ಓಡಿಬಂದು ಬೀಸಿದರು. ಕಲ್ಲು ಕೆರೆಯಂಗಳದ ಅರ್ಧಕ್ಕೂ ಹೋಗಲಿಲ್ಲ. ಅಲ್ಲಿ ಮೇಯುತ್ತಿದ್ದ ಒಂದು ಎಮ್ಮೆಯ ಪಕ್ಕಕ್ಕೆ ಬಿತ್ತು. ಎಮ್ಮೆ ಬೆದರಿ ಬಾಲ ಎತ್ತಿಕೊಂಡು ಓಡಿತು. ಎಮ್ಮೆಯ ಒಡತಿ ಜಾಲಿಯ ಮರೆಯಿಂದ ಎದ್ದು ಬಂದಳು.

"ಯಾವನ್ಲಾ ಅವನು, ನಿನ್ನ ಕೈಗಿಷ್ಟು ಕೊಳ್ಳಿ ಇಕ್ಕ," ಎನ್ನುತ್ತ ಬಂದವಳು ಬೇಲಿಯ ಹತ್ತಿರ ಬಂದು ಅಪ್ಪನನ್ನು ಕಂಡು ಸೆರಗು ಹೊದ್ದಳು. "ಪ್ಲೀಡರ್ ಸ್ವಾಮೇರಾ. ನಾನ್ಯಾವ್ದೋ ಪೋಲಿ ಹೈಕ್ಳು ಅಂದ್ಕಂಡೆ."

"ಒಂದು ಅಳತೆ ನೋಡ್ತಿದ್ವಮ್ಮ," ಎಂದರು ಅಪ್ಪ ಗಂಭೀರವಾಗಿ.

"ಅಳೆಯಾಕೆ ಸರಪಣಿ ಇಲ್ವಾ ಸ್ವಾಮಿ, ನನ್ನ ಎಮ್ಮೇನೇ ಬೇಕಾ?"

ಅಜ್ಜಿ ಬೇಲಿ ಹಿಡಿದು ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ಕುಟ್ಟಾಣಿಯನ್ನು ಅಲ್ಲೇ ಚಪ್ಪಡಿಯ ಮೇಲೆ ಇಟ್ಟರು. ತೀರ್ಪು ಬಂತು ಎಂದುಕೊಂಡೆ.

"ಗೆದ್ಬುಟ್ಲು ಕಣ್ಲಾ ನಿನ್ನ ಮಗಳು. ಕಲ್ಲು ಅನ್ನೋದು ಹೋಯ್ತದೆ, ಬರಾಕಿಲ್ಲ. ಕೂಗು ಅಂಗಲ್ಲ. ಹೋದ್ಮೇಲೆ ಓ ಅಂತ ತಿರುಗಿ ಬತ್ತದೆ. ಬಂದ್ರೆ ಮಗ ಐತೆ ಅಂತ ಗೊತ್ತಾಯ್ತದೆ. ಅದ್ಕೇ ನಮ್ದು ಅಳತೆ, ನಿಮ್ಮ ಇಂಗ್ಲೀಸ್ನೋರದು ಆಟ. ಇಸ್ಕೂಲು ದೂರ ಐತೆ ಅಂತ ಅವಳೇ ಸಾಬೀತು ಮಾಡವ್ಳೆ. ಇನ್ನೇನು ಐತೆ ಮಾತು, ಬುಡು."

ಗೆದ್ದ ಬಿಸಿಯಲ್ಲಿ ನಾನು ಕೈತಟ್ಟಿ ಕುಣಿಯುತ್ತಿದ್ದೆ. ಅಜ್ಜಿಯ ಕೊನೆಯ ಮಾತು ಕಿವಿಗೆ ಬಿದ್ದು, ಒಳಗೆ ಇಳಿದು, ಅರ್ಥವಾಗುವಷ್ಟರಲ್ಲಿ ನನ್ನ ಕೈಗಳು ಇನ್ನೊಂದು ಸಲ ತಟ್ಟಿಯೇಬಿಟ್ಟಿದ್ದವು. ಹಿತ್ತಲ ಬಾಗಿಲಲ್ಲಿ ಅಮ್ಮ ನಿಂತಿದ್ದರು, ಕೈಯಲ್ಲಿ ಸಾರಿನ ಸೌಟು. ನನ್ನನ್ನೇ ನೋಡುತ್ತಿದ್ದರು. ನನ್ನ ಶಾಲೆಯನ್ನು ನಾನೇ ನನ್ನ ಬಾಯಿಂದ ಬೆಟ್ಟದಾಚೆಗೆ ತಳ್ಳಿದ್ದೆ, ಅದೂ ಇಷ್ಟು ಚೆನ್ನಾಗಿ. ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಕೋರ್ಟಿನಲ್ಲಿ ಬಗ್ಗುವಂತೆ ಸ್ವಲ್ಪ ಬಗ್ಗಿ, ಮೇಲ್ಮನವಿ ಸಲ್ಲಿಸಿದರು.

"ಆಯ್ತವ್ವ, ಕಲ್ಲು ಬೇಡ. ನಿನ್ನ ಅಳತೇಲೇ ಅಳೆಯೋಣ. ಮಾಳಿಗೆ ಮೇಲಿಂದ ನೀನು ಕೂಗು. ಇವಳು ಸ್ಕೂಲಿನ ಅಂಗಳದಲ್ಲಿ ನಿಂತಿರಲಿ. ಕೇಳಿಸಿ ಓ ಅಂದರೆ ಕಳಿಸು. ಕೇಳಿಸಲಿಲ್ಲ ಅಂದರೆ ನಾನು ಇನ್ನು ಈ ಮಾತು ಎತ್ತಲ್ಲ."

"ಅಜ್ಜಿ ಮೆಲ್ಲಗೆ ಕೂಗಿದ್ರೆ?" ಎಂದೆ ನಾನು. ಆ ಗಳಿಗೆಯಲ್ಲೂ ಆಕ್ಷೇಪಣೆ ಬಿಡಲಾಗಲಿಲ್ಲ.

ಅಜ್ಜಿಯ ಮುಖ ಕೆಂಪಾಯಿತು. "ಲೇ ಗಿರ್ಜಿ, ಮಿಡಿಗೇಶಿ ಕೋಟೆ ಕೆಳಗೆ ನಿಂತು ಕೂಗಿದ್ರೆ ಹೊಲದಾಗಿರೋ ಆಳುಕಾಳು ಊಟಕ್ಕೆ ಬತ್ತಿದ್ವು. ನನ್ನ ಗಂಟ್ಲಿಗೆ ನೀನು ಕಾವ್ಲು ಇಕ್ತೀಯಾ? ಸೋಮವಾರ ಆಗ್ಲಿ. ಮೂರು ಕೂಗು ಹಾಕ್ತೀನಿ. ಕೇಳುಸ್ದಿದ್ರೆ ಕೇಳು."

ಅಲ್ಲಿಂದ ಸೋಮವಾರದ ತನಕ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಜ್ಜಿಗೆ ನಾನು ಆ ಸ್ಕೂಲಿಗೆ ಹೋಗುವುದು ಸುತರಾಂ ಬೇಕಿರಲಿಲ್ಲ. ಆದರೆ ತನ್ನ ಕೂಗು ಅಲ್ಲಿಗೆ ಮುಟ್ಟಲಿಲ್ಲ ಎನ್ನಿಸಿಕೊಳ್ಳುವುದು ಅದಕ್ಕಿಂತ ಬೇಡವಾಗಿತ್ತು. ಮೆಣಸು ಜೀರಿಗೆಯ ಕಷಾಯ ಮಾಡಿಸಿ ಕುಡಿದರು. ಮಜ್ಜಿಗೆ ಬಿಟ್ಟರು. ಯಾರಾದರೂ ಮಾತಾಡಿಸಿದರೆ ಗಂಟಲು ತೋರಿಸಿ ಕೈಯಾಡಿಸಿದರು. ನನ್ನನ್ನು ಕೂಗದೆ, ಕಡ್ಡಿ ಎಸೆದು ಕರೆದರು. ನಾನೂ ಸುಮ್ಮನಿರಲಿಲ್ಲ. ಸಾಕ್ಷಿ ಯಾರು ಎಂದು ಕೇಳಿದೆ. ಕೇಳಿಸದಿದ್ದರೂ ಕೇಳಿಸಿತು ಎಂದು ನಾನು ಓ ಅಂದರೆ ಹೇಗೆ ಎಂಬ ಪ್ರಶ್ನೆಯನ್ನು ನನ್ನ ವಿರುದ್ಧ ನಾನೇ ಎತ್ತಿದೆ. ಅಪ್ಪನಿಗೆ ಹುಚ್ಚು ಖುಷಿ. ಶಿರಾದಿಂದ ಬಂದು ನಮ್ಮ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕರೀಂ ಸಾಬರನ್ನು ಸಾಕ್ಷಿ ಎಂದು ಗೊತ್ತುಮಾಡಿದರು. ಸಾಬರು ಬಟ್ಟೆ ಅಳೆಯುವಾಗ ಒಂದು ಬೆರಳು ಹೆಚ್ಚೂ ಬಿಡದವರು, ಕಡಿಮೆಯೂ ಮಾಡದವರು ಎಂದು ಅಜ್ಜಿಗೂ ನಂಬಿಕೆ. ಇಷ್ಟೆಲ್ಲ ಗದ್ದಲದಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ಭಾನುವಾರ ನನ್ನ ತಲೆ ಬಾಚುತ್ತ, ನನ್ನ ಕಿವಿಯ ಹಿಂದೆಯೇ, ಯಾರಿಗೂ ಕೇಳದ ಹಾಗೆ.

"ಈ ಆಷಾಢದ ಗಾಳಿ ಬೆಟ್ಟದ ಕಡೆಯಿಂದ ಅಲ್ವಾ ಬೀಸೋದು?"

ಹೌದು, ಯಾಕೆ ಎಂದೆ. ಏನೂ ಇಲ್ಲ ಎಂದು ಜಡೆ ಬಿಗಿದರು. ಆ ದಿನ ಎಂದಿಗಿಂತ ಬಿಗಿಯಾಗಿತ್ತು.

ಸೋಮವಾರ ಅಜ್ಜಿಯ ಪೂಜೆ ಮುಗಿದ ಮೇಲೆ ನಾನೂ ಸಾಬರೂ ಕೆರೆಯಂಗಳ ದಾಟಿ ಹೊರಟೆವು. ಕೆರೆಗೆ ಆ ವರ್ಷ ಇನ್ನೂ ನೀರು ಬಂದಿರಲಿಲ್ಲ. ಸಾಬರ ಟೋಪಿ ಎರಡು ಸಲ ಹಾರಿತು, ಎರಡು ಸಲವೂ ನಾನು ಓಡಿ ಹಿಡಿದೆ. ಬೆಟ್ಟದ ಮೇಲಿಂದ ಇಳಿಯುತ್ತಿದ್ದ ಗಾಳಿ ಎದೆಗೆ ಕೈ ಕೊಟ್ಟು ಹಿಂದಕ್ಕೆ ನೂಕುತ್ತಿತ್ತು. ಸ್ಕೂಲಿನ ಅಂಗಳ ಸೇರಿ ತಿರುಗಿ ನೋಡಿದರೆ ನಮ್ಮ ಮನೆ, ನಾನು ಹುಟ್ಟಿ ಬೆಳೆದ ಮನೆ, ಮೊದಲ ಸಲ ನನಗೆ ಹೊರಗಿನಿಂದ ಇಡಿಯಾಗಿ ಕಂಡಿತು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಇತ್ತು. ಮಾಳಿಗೆಯ ಮೇಲೆ ಅಜ್ಜಿಯ ಕೆಂಪು ಸೀರೆ, ಪಕ್ಕದಲ್ಲಿ ಅಪ್ಪನ ಬಿಳಿ ಅಂಗಿ. ವಿಷಯ ಹೇಗೋ ತಿಳಿದು ಸ್ಕೂಲಿನ ಹುಡುಗಿಯರು ಕಿಟಕಿಗೆ ಮುಖ ಒತ್ತಿದ್ದರು. ಮೇಷ್ಟ್ರಮ್ಮನವರೂ ಬಾಗಿಲಿಗೆ ಬಂದು ನಿಂತಿದ್ದರು. ಅಪ್ಪ ಕೈಯೆತ್ತಿದರು. ಅಜ್ಜಿಯ ಅಂಗೈ ಬಾಯಿಗೆ ಹೋಯಿತು. ತಲೆ ಹಿಂದಕ್ಕೆ ವಾಲಿತು. ಬಾಯಿ ತೆರೆದಿರಬೇಕು. ನಮಗೆ ಕೇಳಿಸಿದ್ದು ಅಂಗಳದ ಬೇವಿನ ಮರದ ಸದ್ದು.

"ಏನಾದ್ರೂ ಬಂತಾ ಬೇಟಿ?" ಎಂದರು ಸಾಬರು.

ನಾನು ಇಲ್ಲವೆಂದು ತಲೆಯಾಡಿಸಿದೆ. ಎರಡನೆಯ ಕೂಗಿಗೆ ಉಸಿರು ಹಿಡಿದು ನಿಂತೆ. ಏನೋ ಒಂದು ಎಳೆ, ನೂಲಿನಂಥದ್ದು, ಗಾಳಿಯಲ್ಲಿ ಬಂದು ಹರಿದುಹೋಯಿತು. ಸಾಬರು ಕಿವಿಗೆ ಕೈ ಕೊಟ್ಟರು, ಬಹಳ ಹೊತ್ತು ಯೋಚಿಸಿದರು. ನನ್ನ ಮೇಲೆ ಅವರಿಗೆ ಎಷ್ಟು ಮರುಕವಿತ್ತು ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ಕಾಗೆ ಇರಬಹುದು. ಅಮ್ಮನವರ ಆವಾಜ್ ಅಂತ ನಾನು ಖಸಮ್ ಮಾಡಿ, ಆಣೆ ಇಟ್ಟು ಹೇಳೋಕಾಗಲ್ಲ."

ಸಾಕ್ಷಿ ಬೇಕೆಂದು ಹಟ ಹಿಡಿದವಳು ನಾನೇ. ಮೂರನೆಯ ಸಲ ಅಜ್ಜಿಯ ಕೈ ಬಾಯಿಗೆ ಹೋದದ್ದು ಕಂಡಿತು. ತಲೆ ಹಿಂದಕ್ಕೆ ವಾಲಲಿಲ್ಲ. ಸೊಂಟದಲ್ಲಿ ಬಗ್ಗಿದರು, ಎದೆ ಹಿಡಿದುಕೊಂಡರು. ಅಪ್ಪ ಓಡಿ ತೋಳು ಹಿಡಿದರು. ಕೆಮ್ಮು ಬಂದಿದೆ ಎಂದು ಇಷ್ಟು ದೂರದಿಂದಲೂ ತಿಳಿಯಿತು. ಮುಗಿಯಿತು ಎಂದುಕೊಂಡೆ. ಭೂಪಟ, ಇಂಗ್ಲಿಷು, ಮಾತಿನ ಸ್ಪರ್ಧೆ, ಬೆನ್ನ ಹಿಂದೆ ಕಿಟಕಿಯಲ್ಲಿ ಪಿಸುಗುಡುತ್ತಿದ್ದ ಹುಡುಗಿಯರು, ಎಲ್ಲ. ಅಷ್ಟರಲ್ಲಿ ಏಣಿಯ ತುದಿಯಲ್ಲಿ ಹಸಿರು ಸೀರೆ ಕಂಡಿತು. ಅಮ್ಮ. ಅಜ್ಜಿಗೆ ನೀರಿನ ಚೊಂಬು ತಂದಿದ್ದರು. ಚೊಂಬನ್ನು ಅಪ್ಪನ ಕೈಗೆ ಕೊಟ್ಟು ಇಳಿದುಹೋಗಬೇಕಾಗಿತ್ತು, ಇಳಿಯಲಿಲ್ಲ. ಮಾಳಿಗೆಯ ಅಂಚಿಗೆ ನಡೆದುಬಂದು ನಿಂತರು. ಸುಮ್ಮನೆ ನಿಂತರು. ಏನು ಕಾಯುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಬೇವಿನ ಮರ ಒಂದು ಸಲ ನೆಲಕ್ಕೆ ಬಾಗಿ ಎದ್ದಿತು, ಎಲೆಗಳು ಅಲುಗಾಡುವುದು ನಿಂತಿತು, ಗಾಳಿ ಉಸಿರೆಳೆದುಕೊಳ್ಳುವ ಆ ಒಂದು ಸಂದಿಯಲ್ಲಿ ಅದು ಬಂತು.

"ಓ… ಗಿರಿಜಾ… ಇಂಟಿಕಿ ರಾವೇ…"

ಮನೆಗೆ ಬಾರೇ ಎಂದು, ತೆಲುಗಿನಲ್ಲಿ. ಅದು ಕಿರುಚಾಟವಲ್ಲ. ಮೊದಲು ನೆಲದ ಮಟ್ಟದಲ್ಲಿ ಹೊರಟು, ಕೆರೆಯಂಗಳದ ಮೇಲೆ ಹಕ್ಕಿಯ ಹಾಗೆ ಚಾಚಿಕೊಂಡು, ಕೊನೆಯ ಅಕ್ಷರದಲ್ಲಿ ಮೇಲೆದ್ದು ನೇರ ನನ್ನ ಹಣೆಗೆ ತಾಗಿತು. ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತಿದವು. ಬೆನ್ನ ಹಿಂದೆ ಬೆಟ್ಟದ ಬಂಡೆ ಅದನ್ನೇ ಇನ್ನೊಂದು ಸಲ ಹೇಳಿತು. ಈ ದನಿ ಇಷ್ಟು ವರ್ಷ ನಮ್ಮ ಅಡುಗೆಮನೆಯ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿತ್ತೇ ಎಂಬ ಒಂದೇ ಯೋಚನೆಯಲ್ಲಿ ನಾನು ಬಾಯಿ ಬಿಟ್ಟು ನಿಂತಿದ್ದೆ. ಉತ್ತರ ಕೊಡುವುದೇ ಮರೆತಿತ್ತು. ಯಾವತ್ತೂ ಮಾತಿಗೆ ಮಾತು ಕೊಡಲು ತಡಮಾಡದ ನಾನು.

"ಅರೆ, ಓ ಅನ್ನು ಬೇಟಿ, ಓ ಅನ್ನು," ಎಂದು ಸಾಬರು ನನ್ನ ಭುಜ ಅಲುಗಿಸಿದರು.

ಓ ಅಂದೆ. ಗಂಟಲು ಹರಿಯುವಂತೆ ಅಂದೆ. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು, ಅದೇ ಹೊತ್ತುಕೊಂಡು ಹೋಯಿತು. ಆಮೇಲೆ ಸಾಬರನ್ನೂ ಅವರ ಟೋಪಿಯನ್ನೂ ಅಲ್ಲೇ ಬಿಟ್ಟು ಓಡಿದೆ. ಕೆರೆಯಂಗಳದ ಬಿರುಕುಗಳನ್ನು ಹಾರಿ, ಬೇಲಿಯ ಸಂದಿಯಲ್ಲಿ ಲಂಗ ಹರಿದುಕೊಂಡು, ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿದಾಗ ಅಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ಮುದ್ದೆ ತೊಳಸುತ್ತಿದ್ದರು. ಏನೂ ನಡೆದೇ ಇಲ್ಲವೇನೋ ಎಂಬ ಹಾಗೆ. ಅಜ್ಜಿ ಕಂಬಕ್ಕೆ ಒರಗಿದ್ದರು, ಕೈಯಲ್ಲಿ ಚೊಂಬು. ಅಪ್ಪ ನಡುಮನೆಯಲ್ಲಿ ನಿಂತು ಅಮ್ಮನ ಬೆನ್ನನ್ನೇ ನೋಡುತ್ತಿದ್ದರು. ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೆ ಹೆಂಡತಿಯ ದನಿಯನ್ನು ಮೊದಲ ಸಲ ಕೇಳಿದ ಗಂಡಸಿನ ಮುಖ ಹೇಗಿರುತ್ತದೆ ಎಂದು ನಾನು ಅವತ್ತು ಕಂಡೆ.

"ಇಂಥಾ ಗಂಟಲು ಎಲ್ಲಿಟ್ಟಿದ್ದೆ ನೀನು?" ಎಂದರು ಅಪ್ಪ.

"ತವರಲ್ಲಿ ಸಜ್ಜೆ ಹೊಲದಾಗ ಹಕ್ಕಿ ಕಾಯ್ತಿದ್ವಿ. ಗಾಳಿ ನಿಂತಾಗ ಕೂಗು ಬಿಡ್ಬೇಕು," ಎಂದರು ಅಮ್ಮ ತಿರುಗದೆ. "ಈ ಮನೇಲಿ ಅದಕ್ಕೆ ಕೆಲಸ ಇರ್ಲಿಲ್ಲ."

ಅಜ್ಜಿ ಚೊಂಬು ಕೆಳಗಿಟ್ಟರು. "ಇಷ್ಟಾಯ್ತಲ್ಲ. ಆದ್ರೂ ಕೂಗಿದ್ದು ನಾನಲ್ಲ. ನನ್ನ ಕೂಗು ಮುಟ್ನಿಲ್ಲ. ಮಾತು ಅಂದ್ರೆ ಮಾತು."

ನಾನು ಮೇಲುಸಿರು ಬಿಡುತ್ತಲೇ ಸೊಂಟಕ್ಕೆ ಕೈಯಿಟ್ಟೆ. ಒಪ್ಪಂದದಲ್ಲಿ ಏನಿತ್ತು, ಮನೆಯ ಕೂಗು ಅಂತಿತ್ತೋ ಅಜ್ಜಿಯ ಕೂಗು ಅಂತಿತ್ತೋ ಎಂದು ಶುರುಮಾಡಿದ್ದೆ. ಅಷ್ಟರಲ್ಲಿ ಅಮ್ಮ ಕೋಲನ್ನು ಮಡಕೆಯಲ್ಲೇ ಬಿಟ್ಟು ನಮ್ಮ ಕಡೆ ತಿರುಗಿದರು.

"ಗಿರಿಜಾ, ನೀನು ಸುಮ್ನಿರು. ಇದು ನಾನು ಹೇಳೋದು."

ಅಡುಗೆಮನೆಯ ಕೋರ್ಟಿನಲ್ಲಿ ಅಮ್ಮ ಎದ್ದು ನಿಂತದ್ದು ಅದೇ ಮೊದಲು. ದನಿ ಏರಿಸಲಿಲ್ಲ. ಎಂದಿನ ದನಿಯಲ್ಲೇ, ಒಲೆ ದಾಟದ ಆ ದನಿಯಲ್ಲೇ ಮಾತಾಡಿದರು.

"ಅತ್ತೆ, ನಿಮ್ಮ ಮೂರನೇ ಕೂಗು ಉಳಿದಿತ್ತು. ನಿಮಗೆ ಕೆಮ್ಮು ಬಂತು, ನಾನು ಕೂಗ್ದೆ. ನಿಮಗೆ ಸೊಂಟ ನೋವು ಅಂದ ದಿನದಿಂದ ನೀರು ನಾನು ಸೇದ್ತೀನಿ. ರಾಗಿ ನಾನು ಬೀಸ್ತೀನಿ. ಮುದ್ದೆ ನಾನು ತೊಳಸ್ತೀನಿ. ಬಂದೋರೆಲ್ಲ ಉಂಡು, ದೊಡ್ಡಮ್ಮನ ಕೈ ಊಟ ಅಂತ ನಿಮ್ಮನ್ನೇ ಹೊಗಳ್ತಾರೆ. ನಾನು ಒಂದಿನ ಬೇರೆ ಮಾತಾಡಿದ್ದೀನಾ? ಈ ಮನೇಲಿ ನಾನು ಮಾಡಿದ್ದೆಲ್ಲ ನೀವು ಮಾಡಿದ ಹಾಗೇ ಆಗ್ತದೆ. ಇದೊಂದು ಯಾಕೆ ಆಗಲ್ಲ?"

ಆಮೇಲೆ ನಾನು ಎಷ್ಟೋ ವೇದಿಕೆಗಳ ಮೇಲೆ ನಿಂತಿದ್ದೇನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಕಲ್ಲೆಸೆತದ ದೂರ ಎಂಬ ಮಾತು ಬಂದಾಗಲೆಲ್ಲ, ಇದನ್ನು ಬರೆದವನಿಗೆ ಏನು ಬೇಕಾಗಿದೆ ಎಂದು ಹುಡುಕುವ ಚಾಳಿ ನನಗೆ ಅಂಟಿಕೊಂಡಿದೆ. ಅದು ಅಪ್ಪನ ವಿರುದ್ಧ ಗೆದ್ದ ಸಂಜೆಯ ಫಲ. ಆದರೆ ವಾದ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮಧ್ಯಾಹ್ನ, ಹೊಗೆಯಲ್ಲಿ ಕಣ್ಣು ಕೆಂಪಾದ ಅಮ್ಮ. ಅವರು ಕಾನೂನು ಮುರಿಯಲಿಲ್ಲ. ಅಜ್ಜಿಯ ಕಾನೂನನ್ನೇ ಎತ್ತಿ, ಒರೆಸಿ, ಅಜ್ಜಿಯ ಮುಂದಿಟ್ಟರು. ನನಗೆ ಆಕ್ಷೇಪಣೆ ಒಂದೂ ಹೊಳೆಯಲಿಲ್ಲ, ಹೊಳೆಯದಿದ್ದದ್ದಕ್ಕೆ ಮೈಯೆಲ್ಲ ಕುಣಿಯುತ್ತಿತ್ತು.

ಅಜ್ಜಿ ಕುಟ್ಟಾಣಿ ಎತ್ತಿಕೊಂಡರು. ಎರಡು ಏಟು ಕುಟ್ಟಿದರು. ನಿಲ್ಲಿಸಿದರು.

"ಮುದ್ದೆ ತಳ ಹಿಡೀತದೆ, ನೋಡು," ಎಂದರು.

ಅಮ್ಮ ಒಲೆಯ ಕಡೆ ತಿರುಗಿದರು. ನಾವು ಕೂತೆವು. ತಣಿಗೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಅವತ್ತು ಅಪ್ಪ ವಿಷಯ ಕೊಡಲಿಲ್ಲ. ಅಜ್ಜಿ ಅರ್ಧ ಮುದ್ದೆ ಉಂಡ ಮೇಲೆ, ಸಾರಿನಲ್ಲಿ ಬೆರಳಾಡಿಸುತ್ತ, ಯಾರನ್ನೂ ನೋಡದೆ ಹೇಳಿದರು.

"ಸಿದ್ದಮ್ಮ." ಅಮ್ಮನ ಹೆಸರು ಅಜ್ಜಿಯ ಬಾಯಲ್ಲಿ ಬಂದದ್ದಕ್ಕೆ ಅಪ್ಪನ ಕೈಯ ತುತ್ತು ನಿಂತಿತು. "ನಾಳಿಂದ ಮಧ್ಯಾನ್ನ ಊಟದೊತ್ಗೆ ನೀನೇ ಹತ್ತಿ ಕೂಗು. ನನ್ನ ಕೈಲಿ ಆ ಏಣಿ ಹತ್ತಾಕೆ ಆಗಾಕಿಲ್ಲ. ಇವಳು ಓ ಅನ್ನದಿದ್ರೆ ಅವತ್ತೇ ಇಸ್ಕೂಲು ಬಂದ್ ಮಾಡು."

"ಆಗ್ಲಿ ಅತ್ತೆ."

"ಇನ್ನೊಂದು. ಕೂಗೋದಾದ್ರೆ ಕನ್ನಡ್ದಾಗೆ ಕೂಗು. ಊರೋರು ಈ ಮನೇನ ಪಾವಗಡ ಅಂದ್ಕಂಡಾರು."

ಅಮ್ಮ ತಲೆಯಾಡಿಸಿ ಅಜ್ಜಿಯ ತಣಿಗೆಗೆ ಇನ್ನಷ್ಟು ಸಾರು ಬಿಟ್ಟರು.

ಮರುದಿನ ನಾನು ಸ್ಕೂಲಿನ ಮೊದಲ ಸಾಲಿನಲ್ಲಿ, ಕಿಟಕಿಯ ಪಕ್ಕ ಜಾಗ ಹಿಡಿದೆ. ಮೇಷ್ಟ್ರಮ್ಮನವರು ಗೋಡೆಗೆ ಭೂಪಟ ತೂಗುಹಾಕಿ, ಮೈಸೂರು ಸಂಸ್ಥಾನ ಎಲ್ಲಿದೆ ತೋರಿಸಿ ಎಂದರು. ಮಧ್ಯಾಹ್ನವಾಯಿತು. ಹೊರಗೆ ಬೇವಿನ ಮರ ಬಾಗಿತು, ಎದ್ದಿತು, ಎಲೆಗಳು ಸುಮ್ಮನಾದವು. ನಾನು ಪೆನ್ಸಿಲು ಕೆಳಗಿಟ್ಟೆ. ಕೂಗು ಬಂತು. ತೆಲುಗಿನಲ್ಲೇ ಬಂತು.